"ಜಗಳ ಆಗಲಿಲ್ವಾ?" ಎಂದು ಕೇಳುವವರಿಗೆ

ಬೆನ್ನಿಗೊಂದೊಂದು ಬ್ಯಾಗ್ ಏರಿಸಿಕೊಂಡು, ಟೂರ್ ಕಂಪನಿ ಗೀಂಪನಿ ಇಲ್ಲದೆ, ಗಂಡ-ಹೆಂಡತಿ ಇಬ್ಬರೇ ಯೂರೋಪ್ ಸುತ್ತಿ ಬಂದೆವು ಎಂದರೆ ಐಫೆಲ್ ಟವರ್ ಹೇಗಿತ್ತು ಎಂದು ಯಾರೂ ಕೇಳುವುದಿಲ್ಲ. ಎಷ್ಟು ಖರ್ಚಾಯಿತು ಎನ್ನುವುದು ಎರಡನೆಯ ಪ್ರಶ್ನೆ. ಮೊದಲನೆಯದು, ಅದೂ ಸ್ವಲ್ಪ ದನಿ ತಗ್ಗಿಸಿ: "ಜಗಳ ಆಗಲಿಲ್ವಾ?"

ಆಯಿತು. ಚೆನ್ನಾಗಿಯೇ ಆಯಿತು. ಆದರೆ ಎಲ್ಲಿ ಆಯಿತು ಎನ್ನುವುದೇ ಮುಖ್ಯ. ಮ್ಯೂಸಿಯಂ ಒಳಗೆ ಆಗಲಿಲ್ಲ, ಊಟದ ಮೇಜಿನಲ್ಲಿ ಆಗಲಿಲ್ಲ, ದುಡ್ಡಿನ ವಿಷಯಕ್ಕೂ ಅಷ್ಟಾಗಿ ಆಗಲಿಲ್ಲ. ಹೆಚ್ಚೂಕಡಿಮೆ ಎಲ್ಲ ಜಗಳಗಳೂ ನಡೆದದ್ದು ರೈಲು ಇಳಿದ ಸ್ಟೇಷನ್ನಿಗೂ ಉಳಿದುಕೊಳ್ಳುವ ಕೋಣೆಗೂ ನಡುವಿನ ಒಂದೆರಡು ಕಿಲೋಮೀಟರಿನಲ್ಲಿ. ಬೆನ್ನಿಗೆ ಭಾರ, ಹೊಟ್ಟೆಗೆ ಹಸಿವು, ಕೈಯಲ್ಲಿ ಮ್ಯಾಪು, ಇಬ್ಬರಲ್ಲಿ ಒಬ್ಬರಿಗೆ ಬಾತ್‌ರೂಮು ಅರ್ಜೆಂಟು. ಇಷ್ಟು ಕೂಡಿದರೆ ಎಂಥ ಪ್ರೀತಿಯೂ ಎರಡು ಸಿಗ್ನಲ್ ದಾಟುವುದಿಲ್ಲ.

ಈ ವಿಷಯದಲ್ಲಿ ವೆನಿಸ್‌ನಷ್ಟು ಅಪಾಯದ ಊರು ಇನ್ನೊಂದಿಲ್ಲ. ಸಾಂತಾ ಲೂಚಿಯಾ ಸ್ಟೇಷನ್ನಿನ ಬಾಗಿಲು ದಾಟಿದರೆ ಎದುರಿಗೇ ಗ್ರ್ಯಾಂಡ್ ಕೆನಾಲ್, ಆಚೆ ದಡದಲ್ಲಿ ಹಸಿರು ಗುಮ್ಮಟದ ಚರ್ಚು. ಇಬ್ಬರೂ ಕೈ ಹಿಡಿದುಕೊಂಡು ನಿಂತೆವು. ಮುಂದಿನ ಅರ್ಧ ಗಂಟೆಯೊಳಗೆ ಮಾತು ಬಿಟ್ಟಿದ್ದೆವು. ಆ ಊರಿನ ಒಳಗೆ ಕಾರಿಲ್ಲ, ಬಸ್ಸಿಲ್ಲ, ಸೈಕಲ್ ಕೂಡ ಇಲ್ಲ. ಸೇತುವೆಗಳು 400ಕ್ಕೂ ಹೆಚ್ಚು, ಬಹುತೇಕ ಎಲ್ಲಕ್ಕೂ ಹತ್ತಿ ಇಳಿಯುವ ಮೆಟ್ಟಿಲು. ಅದನ್ನಾದರೂ ಸಹಿಸಬಹುದು, ವಿಳಾಸ ಬರೆಯುವ ರೀತಿ ನೋಡಿ: ಊರನ್ನು ಆರು ಭಾಗ ಮಾಡಿದ್ದಾರೆ, ಒಂದೊಂದು ಭಾಗದ ಮನೆಗಳಿಗೂ ಒಂದೇ ಸರಣಿಯ ನಂಬರು. ಕಾಸ್ತೆಲ್ಲೊ ಎಂಬ ಭಾಗದಲ್ಲಿ ಈ ನಂಬರು 6,000 ದಾಟುತ್ತದೆ. ನಮ್ಮ ಬುಕಿಂಗಿನಲ್ಲಿ ಇದ್ದದ್ದು ಭಾಗದ ಹೆಸರು, ನಾಲ್ಕಂಕಿಯ ಒಂದು ನಂಬರು, ಅಷ್ಟೇ. ಬೀದಿಯ ಸುದ್ದಿಯೇ ಇಲ್ಲ. ಇಬ್ಬರು ಅಕ್ಕಪಕ್ಕ ನಡೆಯಲಾಗದ ಗಲ್ಲಿಗಳಲ್ಲಿ ಫೋನಿನ ನೀಲಿ ಚುಕ್ಕೆ ಒಮ್ಮೆ ಕಾಲುವೆಯ ಈ ದಡಕ್ಕೆ ನೆಗೆಯುತ್ತದೆ, ಒಮ್ಮೆ ಆ ದಡಕ್ಕೆ. "ಎಡಕ್ಕೆ ಅಂದೆ ತಾನೆ?" "ನೀನು ಬಲಕ್ಕೆ ಅಂದೆ." ಎಡಗಡೆಯ ಗಲ್ಲಿ ನೇರ ನೀರಿಗೆ ಹೋಗಿ ಮುಗಿಯಿತು. ಬಲಗಡೆಯದೂ ನೀರಿಗೇ ಮುಗಿದದ್ದರಿಂದ ಯಾರು ಸರಿ ಎಂಬುದು ಇವತ್ತಿನವರೆಗೂ ತೀರ್ಮಾನವಾಗಿಲ್ಲ.

ಅಲ್ಲಿಂದ ಮುಂದೆ ಎರಡು ಕಾನೂನು ಜಾರಿಗೆ ಬಂದವು. ಮ್ಯಾಪು ಹಿಡಿದವರ ಹಿಂದೆ ಇನ್ನೊಬ್ಬರು ಬಾಯಿ ಮುಚ್ಚಿಕೊಂಡು ನಡೆಯಬೇಕು, ದಾರಿ ತಪ್ಪುತ್ತಿರುವುದು ಕಣ್ಣಿಗೆ ರಾಚುತ್ತಿದ್ದರೂ ಸರಿ. ಊರು ಬದಲಾದಾಗ ಮ್ಯಾಪು ಕೈ ಬದಲಾಗುತ್ತದೆ. ಎರಡನೆಯದು, ಬ್ಯಾಗ್ ಇಳಿಸಿ ಏನಾದರೂ ತಿನ್ನುವ ತನಕ ಯಾವ ನಿರ್ಧಾರವನ್ನೂ ತೆಗೆದುಕೊಳ್ಳುವಂತಿಲ್ಲ. ಮೊದಲನೆಯ ಕಾನೂನನ್ನು ಇಬ್ಬರೂ ಮುರಿದಿದ್ದೇವೆ. ಎರಡನೆಯದನ್ನು ಮುರಿದಿಲ್ಲ, ಯಾಕೆಂದರೆ ಇಟಲಿಯ ಬೊಲೋನ್ಯಾ ಎಂಬ ಊರು ನಮಗೆ ಸಿಕ್ಕಿದ್ದೇ ಅದರಿಂದ.

ಬೊಲೋನ್ಯಾದಲ್ಲಿ ನಮಗೆ ಇದ್ದ ಕೆಲಸ ರೈಲು ಬದಲಾಯಿಸುವುದು ಮಾತ್ರ. ಬಂದು ಇಳಿದರೆ ಬೋರ್ಡಿನ ತುಂಬ ರದ್ದು, ರದ್ದು, ರದ್ದು. ಮುಷ್ಕರ. ಇಟಲಿಯಲ್ಲಿ ರೈಲು ಮುಷ್ಕರ ಗುಟ್ಟಿನ ವಿಷಯವಲ್ಲ, ದಿನಾಂಕ ಮೊದಲೇ ಪ್ರಕಟವಾಗಿರುತ್ತದೆ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರ ತನಕ ಪ್ರಾದೇಶಿಕ ರೈಲುಗಳು ಓಡಲೇಬೇಕೆಂಬ ನಿಯಮವೂ ಇದೆ. ನಾವು ಇಳಿದದ್ದು ಒಂಬತ್ತು ದಾಟಿದ ಮೇಲೆ. ನನ್ನ ಗಂಡನಿಗೆ ಈಗಿಂದೀಗಲೇ ಬಸ್ಸು ಹುಡುಕಬೇಕು, ನನಗೆ ಸಂಜೆಯ ತನಕ ಅಲ್ಲೇ ಕೂರಬೇಕು. ಮಾತು ಬಿಸಿಯಾಗುವ ಮೊದಲೇ ಕಾನೂನು ನೆನಪಾಯಿತು. ಬ್ಯಾಗುಗಳನ್ನು ಲಗೇಜ್ ಕೌಂಟರಿಗೆ ಕೊಟ್ಟು, ಬೆಣ್ಣೆಯಲ್ಲಿ ಸೇಜ್ ಎಲೆ ಹುರಿದು ಸುರಿದ ತೊರ್ತೆಲ್ಲೋನಿ ಎಂಬ ಹೂರಣದ ಪಾಸ್ತಾ ತಿಂದೆವು. ತಿಂದ ಮೇಲೆ ಬಸ್ಸೂ ಬೇಡವಾಯಿತು, ಸ್ಟೇಷನ್ನೂ ಬೇಡವಾಯಿತು.

ಹೊರಗೆ ಮಳೆ. ಆದರೆ ಆ ಊರಿನಲ್ಲಿ ಮಳೆಗೆ ಕೊಡೆ ಬೇಕಾಗಿಲ್ಲ. ಬೀದಿಯುದ್ದಕ್ಕೂ ಕಟ್ಟಡಗಳ ಕೆಳಗೆ ಕಮಾನಿನ ಮೊಗಸಾಲೆಗಳಿವೆ. 2021ರಲ್ಲಿ ಯುನೆಸ್ಕೊ ಅವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಎಲ್ಲಕ್ಕಿಂತ ಉದ್ದದ್ದು ಊರಿನ ಸರಗೋಜ್ಜಾ ಹೆಬ್ಬಾಗಿಲಿನ ಬಳಿ ಶುರುವಾಗಿ ಬೆಟ್ಟದ ಮೇಲಿನ ಸಾನ್ ಲೂಕಾ ಚರ್ಚಿನ ತನಕ ಹೋಗುತ್ತದೆ. ಸುಮಾರು 3.8 ಕಿಲೋಮೀಟರು, 666 ಕಮಾನು. ಬೆಟ್ಟದಲ್ಲಿರುವ ಮೇರಿ ಮಾತೆಯ ಪಟವನ್ನು ವರ್ಷಕ್ಕೊಮ್ಮೆ ಮೆರವಣಿಗೆಯಲ್ಲಿ ಊರಿಗೆ ಇಳಿಸಿ ತರುತ್ತಾರೆ. ಆ ದಾರಿಯನ್ನು ಮಳೆಯಿಂದ ಕಾಯಲು 1674ರಲ್ಲಿ ಈ ಮೊಗಸಾಲೆ ಕಟ್ಟಲು ಹಿಡಿದರು. ಮೊದಲರ್ಧ ಸಮತಟ್ಟು, ಮೆಲೊಂಚೆಲ್ಲೊ ಕಮಾನು ಬಂದ ಮೇಲೆ ಏರು. ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಕಂಬಗಳ ನಡುವೆ ಒದ್ದೆಯಾಗುತ್ತಿರುವ ಬೆಟ್ಟ. ಊರಿನವರು ನಾಯಿ ಹಿಡಿದು ಹತ್ತುತ್ತಿದ್ದರು, ಕೆಲವರು ಓಡುತ್ತಲೇ ನಮ್ಮನ್ನು ದಾಟಿ ಹೋದರು. ನಮ್ಮ ಬೆನ್ನಿಗೆ ಭಾರವಿಲ್ಲ, ಕೈಯಲ್ಲಿ ಮ್ಯಾಪಿಲ್ಲ, ದಾರಿ ಒಂದೇ. ಜಗಳಕ್ಕೆ ಬೇಕಾದ ಯಾವ ಸಾಮಗ್ರಿಯೂ ಇರಲಿಲ್ಲ. ಇಡೀ ಪ್ರವಾಸದಲ್ಲಿ ನಾವು ಅತಿ ಹೆಚ್ಚು ಮಾತಾಡಿದ್ದು ಆ ಏರಿನಲ್ಲೇ ಇರಬೇಕು. ಯೋಜನೆಯ ಹಾಳೆಯಲ್ಲಿ ಈ ಊರಿನ ಹೆಸರಿನ ಮುಂದೆ ಬರೆದಿದ್ದದ್ದು ಒಂದು ಪ್ಲಾಟ್‌ಫಾರ್ಮ್ ನಂಬರು ಮಾತ್ರ.

ಉಳಿದ ಅವಾಂತರಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಎಲ್ಲರಿಗೂ ಆಗುವಂಥವೇ. ಪ್ಯಾರಿಸ್ ಎಂದು ಬರೆದ ಅಗ್ಗದ ವಿಮಾನ ಇಳಿದದ್ದು ಬೋವೆಯಲ್ಲಿ, ಅಲ್ಲಿಂದ ಪ್ಯಾರಿಸ್ಸಿಗೆ ಇನ್ನೂ 80 ಕಿಲೋಮೀಟರಿನ ಮೇಲೆ. ಉಳಿಸಿದ ದುಡ್ಡು ಬಸ್ಸಿಗೆ ಹೋಯಿತು. ಅದೇ ವಿಮಾನ ಹತ್ತುವಾಗ ಬ್ಯಾಗು ಅಳತೆಯ ಚೌಕಟ್ಟಿನಲ್ಲಿ ಕೂರದೆ, ಅವನು ಎರಡು ಸ್ವೆಟರು, ಒಂದು ಜಾಕೆಟ್ಟು ತೊಟ್ಟು ಬೆವರುತ್ತಾ ಕೂತ. ಭಾನುವಾರ ಮ್ಯೂನಿಕ್ ತಲುಪಿದವರು ಊರಿನ ಅಂಗಡಿಗಳ ಬೀಗ ನೋಡಿಕೊಂಡು ಅಲೆಯಬೇಡಿ, ಅಲ್ಲಿ ಭಾನುವಾರದ ರಜೆ ಕಾನೂನಿನದು. ಮುಖ್ಯ ರೈಲು ನಿಲ್ದಾಣದೊಳಗಿನ ಅಂಗಡಿಗಳು ತೆರೆದಿರುತ್ತವೆ. ಬಾರ್ಸಿಲೋನಾದ ಮೆಟ್ರೋದಲ್ಲಿ ನನ್ನ ಬ್ಯಾಗಿನ ಜಿಪ್ಪು ಯಾರೋ ತೆರೆದರು. ಹೋದದ್ದು ಕರವಸ್ತ್ರದ ಪೊಟ್ಟಣ. ಪಾಸ್‌ಪೋರ್ಟ್ ಆಗಲಿ ಕಾರ್ಡ್ ಆಗಲಿ ಇಬ್ಬರದೂ ಒಂದೇ ಬ್ಯಾಗಿನಲ್ಲಿ ಇರಲೇಬಾರದು.

ಜರ್ಮನಿ, ಆಸ್ಟ್ರಿಯಾಗಳ ಹಾಸಿಗೆಯ ಬಗ್ಗೆ ಮಾತ್ರ ಒಂದು ಒಳ್ಳೆಯ ಮಾತು ಹೇಳಲೇಬೇಕು. ಡಬಲ್ ಬೆಡ್ ಎಂದು ಕೊಡುತ್ತಾರೆ, ನೋಡಿದರೆ ಒಂದೇ ಮಂಚದ ಮೇಲೆ ಎರಡು ಬೇರೆ ಹಾಸಿಗೆ, ಒಬ್ಬೊಬ್ಬರಿಗೆ ಒಂದೊಂದು ಹೊದಿಕೆ. ಮೊದಲ ರಾತ್ರಿ ನಗು ಬಂತು. ಆಮೇಲೆ ಅನಿಸಿತು, ದಾಂಪತ್ಯದ ಬಗ್ಗೆ ಈ ಜನ ನಮಗಿಂತ ಆಳವಾಗಿ ಯೋಚಿಸಿದ್ದಾರೆ.

ಒಂದೇ ಒಂದು ಜಗಳ ಮಾತ್ರ ನನಗೆ ಇವತ್ತಿಗೂ ಖುಷಿ ಕೊಡುತ್ತದೆ. ರೋಮ್‌ನಲ್ಲಿ, ಪಿಯಾತ್ಸಾ ನವೋನಾ ಎಂಬ ಚೌಕದ ಹತ್ತಿರ ಸಾನ್ ಲೂಯಿಜಿ ದೇಯಿ ಫ್ರಾಂಚೇಸಿ ಎಂಬ ಚರ್ಚಿದೆ. ಒಳಗೆ ಹೋಗಲು ಟಿಕೆಟ್ಟಿಲ್ಲ. ಎಡಗಡೆಯ ಕೊನೆಯ ಗೂಡಿನಲ್ಲಿ ಸಂತ ಮತ್ತಾಯನ ಮೇಲೆ ಚಿತ್ರಕಾರ ಕಾರವಾಜ್ಜೊ ಬರೆದ ಮೂರು ಚಿತ್ರಗಳಿವೆ, ಆದರೆ ಕತ್ತಲು. ಪಕ್ಕದ ಪೆಟ್ಟಿಗೆಗೆ ನಾಣ್ಯ ಹಾಕಿದರೆ ದೀಪ ಹತ್ತುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಆರುತ್ತದೆ. ದೀಪ ಆರಿದ ಕೂಡಲೇ ಅಲ್ಲಿರುವ ಅಷ್ಟೂ ಜನ ಕತ್ತಲಲ್ಲಿ ಚಾವಣಿ ನೋಡುತ್ತಾ ನಿಲ್ಲುತ್ತಾರೆ, ಬೇರೆ ಯಾರಾದರೂ ಹಾಕಲಿ ಎಂದು. ಸ್ಟೇಷನ್ನಿನ ಶೌಚಾಲಯಕ್ಕೆ ಒಂದು ಯೂರೋ ಕೊಡಲು ಮುಖ ಕಿವುಚುವ ನನ್ನ ಗಂಡ ಅವತ್ತು ಜೇಬಿಗೆ ಕೈ ಹಾಕಿದ.

ಮತ್ತಾಯನನ್ನು ಕ್ರಿಸ್ತ ತನ್ನ ಶಿಷ್ಯನಾಗಲು ಕರೆಯುವ ಚಿತ್ರದಲ್ಲಿ ಬಲಗಡೆಯಿಂದ ಬೆಳಕು ಬೀಳುತ್ತದೆ, ಆ ಬೆಳಕಿನ ಕೆಳಗೇ ಕ್ರಿಸ್ತನ ಕೈ ಚಾಚಿದೆ. ಮೇಜಿನ ಸುತ್ತ ಐದು ಜನ. ನಡುವೆ ಕೂತ ಗಡ್ಡದವನ ಬೆರಳು "ನಾನಾ?" ಎಂದು ತನ್ನನ್ನೇ ತೋರುತ್ತಿರುವಂತಿದೆ. ಮೇಜಿನ ತುದಿಯಲ್ಲಿ ಒಬ್ಬ ಹುಡುಗ ತಲೆ ಬಗ್ಗಿಸಿ ನಾಣ್ಯ ಎಣಿಸುತ್ತಿದ್ದಾನೆ, ಕರೆದದ್ದೇ ಅವನಿಗೆ ಗೊತ್ತಿಲ್ಲ. ಮತ್ತಾಯ ಗಡ್ಡದವನೇ ಎಂದು ನಾನು. ಅಲ್ಲ, ಆ ಬೆರಳು ಹುಡುಗನ ಕಡೆ ತೋರುತ್ತಿದೆ, "ಇವನಾ?" ಎನ್ನುತ್ತಿದೆ, ಎಂದು ಅವನು. ದೀಪ ಆರಿತು. ಇನ್ನೊಂದು ನಾಣ್ಯ ಹಾಕಿ ಮತ್ತೆ ಜಗಳ ಮುಂದುವರಿಸಿದೆವು. ಕಲಾ ಇತಿಹಾಸಕಾರರಲ್ಲೂ ಇದೇ ವಾದ ನಡೆದಿದೆ ಎಂದು ಆಮೇಲೆ ಓದಿದೆ. ಹೆಚ್ಚಿನವರು ನನ್ನ ಕಡೆ ಇದ್ದಾರೆ.

ಕೇಳುವವರಿಗೆ ನಾನು ಕೊಡುವ ಸಲಹೆ ಒಂದೇ, ಅದನ್ನು ಕೇಳಿ ಜನ ಸ್ವಲ್ಪ ಗಾಬರಿಯಾಗುತ್ತಾರೆ: ದೊಡ್ಡ ಊರಿನಲ್ಲಿ ಅರ್ಧ ದಿನ ಬೇರೆ ಬೇರೆ ಸುತ್ತಿ. ವಿಯೆನ್ನಾದಲ್ಲಿ ನಾನು ಕುನ್ಸ್ಟ್‌ಹಿಸ್ಟೋರಿಶಸ್ ಎಂಬ ಕಲಾ ಮ್ಯೂಸಿಯಮ್ಮಿನಲ್ಲಿ ಹಳೆಯ ಚಿತ್ರಕಾರ ಬ್ರ್ಯೂಗೆಲ್‌ನ ಚಿತ್ರಗಳ ಮುಂದೆ ಮಧ್ಯಾಹ್ನ ಪೂರ್ತಿ ಕೂತೆ. ಅವನು ಹಳೆಯ ಎಂಜಿನ್ನುಗಳನ್ನು ನೋಡಲು ಟೆಕ್ನಿಕಲ್ ಮ್ಯೂಸಿಯಮ್ಮಿಗೆ ಹೋದ. ಸಂಜೆ ಸ್ಟೇಟ್ ಆಪೆರಾದಲ್ಲಿ ನಿಂತು ನೋಡುವ ಟಿಕೆಟ್ಟಿಗೆ ಒಟ್ಟಿಗೆ ನಿಂತೆವು. ಕುಳಿತು ನೋಡುವವರು ಕೊಡುವ ಬೆಲೆಯ ಮುಂದೆ ಅದು ಏನೇನೂ ಅಲ್ಲ. ಒಳಗೆ ಹೋದವರು ಮುಂದಿನ ಕಂಬಿಗೆ ಸ್ಕಾರ್ಫ್ ಕಟ್ಟಿ ಜಾಗ ಹಿಡಿದು, ಆರಾಮಾಗಿ ಹೊರಗೆ ಅಡ್ಡಾಡಿ ಬರುತ್ತಿದ್ದರು. ಆ ಗಂಟನ್ನು ಯಾರೂ ಮುಟ್ಟುತ್ತಿರಲಿಲ್ಲ. ನನ್ನ ಒಂದೇ ಸ್ಕಾರ್ಫನ್ನು ಇಬ್ಬರ ಜಾಗಕ್ಕೂ ಸೇರಿಸಿ ಎಳೆದು ಕಟ್ಟಿದೆವು. ಬೆಳಗಿನಿಂದ ನೋಡಿದ್ದನ್ನೆಲ್ಲ ಒಬ್ಬರಿಗೊಬ್ಬರು ಹೇಳಲು ಪರದೆ ಏಳುವ ತನಕ ಸಮಯ ಸಾಲಲಿಲ್ಲ. ಇಡೀ ದಿನ ಅಂಟಿಕೊಂಡು ತಿರುಗಿದರೆ ಹೇಳಲು ಏನಿರುತ್ತದೆ?

ಮತ್ತೆ ಸೇರುವ ಜಾಗವನ್ನು ಮಾತ್ರ ಯೋಚಿಸಿ ಗೊತ್ತು ಮಾಡಿ: ಕೂರಲು ಬೆಂಚು ಇರಬೇಕು, ಮಳೆ ಬಂದರೆ ಮೇಲೆ ಮಾಡು ಇರಬೇಕು, ಜನ ಕಡಿಮೆ ಇರಬೇಕು. ಪ್ರಾಗ್‌ನಲ್ಲಿ ನಾವು ಆರಿಸಿಕೊಂಡದ್ದು ಹಳೆಯ ಪೇಟೆಯ ಖಗೋಳ ಗಡಿಯಾರದ ಕೆಳಭಾಗ, ಸಮಯ ಸರಿಯಾಗಿ ಐದು ಗಂಟೆ. 1410ರ ಆ ಗಡಿಯಾರದಲ್ಲಿ ಗಂಟೆಗೊಮ್ಮೆ ಕಿಟಕಿ ತೆರೆದು ಯೇಸುವಿನ ಹನ್ನೆರಡು ಶಿಷ್ಯರ ಗೊಂಬೆಗಳು ಸಾಲಾಗಿ ಹಾದುಹೋಗುತ್ತವೆ, ಅದನ್ನು ನೋಡಲು ಊರಿನಲ್ಲಿರುವ ಪ್ರವಾಸಿಗರೆಲ್ಲ ಅಲ್ಲಿಗೇ ಬಂದು ತಲೆ ಎತ್ತಿ, ಫೋನೆತ್ತಿ ನಿಲ್ಲುತ್ತಾರೆ. ಐದೂ ಕಾಲಿನ ತನಕ ನಾವಿಬ್ಬರೂ ಹತ್ತು ಹೆಜ್ಜೆ ಅಂತರದಲ್ಲಿ ನಿಂತು, "ಎಲ್ಲಿದ್ದೀಯಾ?" "ಗಡಿಯಾರದ ಕೆಳಗೇ ಇದ್ದೀನಿ" ಎಂದು ಒಬ್ಬರಿಗೊಬ್ಬರು ಫೋನಿನಲ್ಲಿ ಕೂಗಾಡುತ್ತಿದ್ದೆವು.