ನೀರಿನೊಳಗೆ ಎಎಫ್‌ಎಂ: ನೇರಳೆ ಪೊರೆಯ ಜಾಲರಿ ಕಂಡಿತು

ಹಾಲೋಬ್ಯಾಕ್ಟೀರಿಯಂ ತೀರಾ ಉಪ್ಪುನೀರಿನಲ್ಲಿ ಬದುಕುವ ಜೀವಿ. ಅದರ ನೇರಳೆ ಪೊರೆಯನ್ನು ಒಣಗಿಸದೆ, ಬಫರ್ ಎಂಬ ಹದ ದ್ರಾವಣದಲ್ಲೇ ಇಟ್ಟು ಎಎಫ್‌ಎಂನಲ್ಲಿ, ಅಂದರೆ ಚೂಪು ಮೊನೆಯಿಂದ ಮೇಲ್ಮೈ ತಡವಿ ಚಿತ್ರ ಕಟ್ಟುವ ಪರಮಾಣು ಬಲ ಸೂಕ್ಷ್ಮದರ್ಶಕದಲ್ಲಿ, ನೋಡುವ ಕೆಲಸ ಒಂದು ಹಂತಕ್ಕೆ ಬಂದಿದೆ. ಈ ಪೊರೆಯಲ್ಲಿ ಬ್ಯಾಕ್ಟೀರಿಯೋರೊಡಾಪ್ಸಿನ್ ಪ್ರೋಟೀನು ಮೂರು ಮೂರರ ಗುಂಪಾಗಿ ಒತ್ತೊತ್ತಾಗಿ ಕೂತಿರುತ್ತದೆ. ಗುಂಪಿನಿಂದ ಗುಂಪಿಗೆ 6.2 ನ್ಯಾನೋಮೀಟರ್. ಆ ಜಾಲರಿ ಕಂಡರೆ ಮೊನೆಯೂ ಸರಿ, ಅದು ಒತ್ತುವ ಬಲವೂ ಸರಿ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಸ್ಯಾಂಪಲ್ ಇಲ್ಲ.

ಪೊರೆಯನ್ನು ಕೂರಿಸುವುದು ಮೈಕಾ (ಅಭ್ರಕ) ಮೇಲೆ. ಅದಕ್ಕೆ ಟೇಪ್ ಅಂಟಿಸಿ ಕಿತ್ತರೆ ಹೊಸ ಪದರ ಸಿಗುತ್ತದೆ. ಆದರೆ ಮೈಕಾಕ್ಕೂ ಪೊರೆಗೂ ಋಣ ಆವೇಶ, ಒಂದನ್ನೊಂದು ದೂಡುತ್ತವೆ. ಅದಕ್ಕೇ 300 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ಹಾಕಿ ಕೂರಿಸಿದೆ, ತೊಳೆದ ಮೇಲೆ 150ಕ್ಕೆ ಇಳಿಸಿ ಸ್ಕ್ಯಾನ್ ಮಾಡಿದೆ. ಪೂರ್ತಿ ಉಪ್ಪು ತೆಗೆಯಬೇಡಿ. ಸ್ವಲ್ಪ ಉಪ್ಪಿದ್ದರೇ ಮೊನೆ, ಪೊರೆಗಳ ನಡುವಿನ ದೂಡಾಟ ಹದಕ್ಕೆ ಬರುತ್ತದೆ.

ಮೊನೆಗೆ ಮೊದಲೇ ಒಂದು ಹನಿ ಬಫರ್ ತಾಗಿಸಿಟ್ಟರೆ ಗುಳ್ಳೆಯ ಕಾಟ ಕಡಿಮೆ. ನೀರಲ್ಲಿ ಬೆಳಕು ಬಾಗುವುದರಿಂದ ಮೊನೆಯ ಏರಿಳಿತ ಅಳೆಯುವ ಲೇಸರ್ ಮತ್ತೆ ಹೊಂದಿಸಬೇಕು. ಇವೆಲ್ಲ ಬೇಗ ಕೈಗೆ ಹತ್ತುತ್ತವೆ.

ನಿಜವಾದ ಆಟ ಇರುವುದು ಬಲದಲ್ಲಿ. ಗಾಳಿಯಲ್ಲಾದರೆ ತೆಳ್ಳನೆ ನೀರಿನ ಪದರವೇ ಮೊನೆಯನ್ನು ಕೆಳಕ್ಕೆ ಎಳೆದು ಹಿಡಿಯುತ್ತದೆ. ದ್ರಾವಣದಲ್ಲಿ ಆ ಎಳೆತ ಇಲ್ಲ, ಹಾಗಾಗಿ 100 ಪಿಕೋನ್ಯೂಟನ್‌ಗೆ ಇಳಿಯಬಹುದು. ಆದರೆ ಲೆಕ್ಕ ನೋಡಿ: ಮೊನೆಯನ್ನು ಹೊತ್ತ ಬಾಗುವ ಪಟ್ಟಿ, ಅಂದರೆ ನನ್ನ ಕ್ಯಾಂಟಿಲಿವರ್, ಮೀಟರಿಗೆ 0.1 ನ್ಯೂಟನ್‌ನದು. ಅದು ಬರೀ 1 ನ್ಯಾನೋಮೀಟರ್ ಬಾಗಿದರೆ 100 ಪಿಕೋನ್ಯೂಟನ್ ಆಯಿತು. ಬಿಸಿ ತಂಪಿನಿಂದ ಓದು ಇನ್ನೊಂದು ನ್ಯಾನೋಮೀಟರ್ ಜಾರಿದರೆ ಬಲ ಸುಮ್ನೆ ದುಪ್ಪಟ್ಟು! ಯಂತ್ರದ ತಾಪ ಒಂದೇ ಮಟ್ಟಕ್ಕೆ ನಿಲ್ಲುವವರೆಗೆ ಕಾದು, ಆಮೇಲೂ ಸೆಟ್‌ಪಾಯಿಂಟ್ (ಎಷ್ಟು ಬಲ ಇರಲಿ ಎಂದು ಯಂತ್ರಕ್ಕೆ ಹೇಳುವ ಮಟ್ಟ) ತಿದ್ದುತ್ತಲೇ ಇರಬೇಕು.

ಕಾದದ್ದಕ್ಕೆ ಫಲ ಸಿಕ್ಕಿತು. ಪೊರೆಯ ಒಳಮೈ ಮೇಲೆ ಬಂದಿದ್ದ ಒಂದು ತುಂಡಿನಲ್ಲಿ, 200 ಪಿಕೋನ್ಯೂಟನ್ ಹತ್ತಿರ ಪ್ರೋಟೀನುಗಳು ಚಪ್ಪಟೆಯಾಗಿ ಕಾಣುತ್ತಿದ್ದವು. ಸೆಟ್‌ಪಾಯಿಂಟ್ ಇಳಿಸುತ್ತಾ ಹೋದೆ. 100ರ ಆಸುಪಾಸಿನಲ್ಲಿ ಪ್ರತಿ ಪ್ರೋಟೀನಿನ ಮೇಲೂ ಒಂದು ಸಣ್ಣ ಉಬ್ಬು ಎದ್ದಿತು. ಅದು ಪ್ರೋಟೀನಿನ ಇ ಮತ್ತು ಎಫ್ ಎಂಬ ಸುರುಳಿಗಳನ್ನು ಸೇರಿಸುವ ಕುಣಿಕೆ. ಬಲ ಏರಿಸಿದರೆ ಬಾಗುತ್ತದೆ, ಇಳಿಸಿದರೆ ಮತ್ತೆ ಏಳುತ್ತದೆ. 1990ರ ದಶಕದಲ್ಲಿ ಡೇನಿಯಲ್ ಮುಲ್ಲರ್ ಮತ್ತು ಆಂಡ್ರಿಯಾಸ್ ಎಂಗೆಲ್ ತಂಡ ತೋರಿಸಿದ್ದು ಇದನ್ನೇ. ಒಂದೇ ಒಂದು ಅಣುವಿನ ಭಾಗ ನಮ್ಮ ಒತ್ತಡಕ್ಕೆ ತಲೆಬಾಗಿ ಏಳುವುದನ್ನು ಪರದೆಯಲ್ಲಿ ನೋಡುವ ಖುಷಿಯೇ ಬೇರೆ, ಅಲ್ವಾ?

ಮುಂದಿನದು ಜೆಲಾಟಿನ್ ಹಚ್ಚಿದ ಮೈಕಾದ ಮೇಲೆ ಜೀವಂತ ಇ. ಕೋಲೈ ಬ್ಯಾಕ್ಟೀರಿಯಾ. ಅದು ಇನ್ನೂ ಮೆತ್ತಗೆ, ಎತ್ತರವೂ ಜಾಸ್ತಿ. ಸ್ಕ್ಯಾನ್ ವೇಗ ತಗ್ಗಿಸಿ, ಇನ್ನೂ ಮೃದುವಾದ ಕ್ಯಾಂಟಿಲಿವರ್ ಹಾಕಿ ಶುರು ಮಾಡುತ್ತೇನೆ.