ಕೂಸು ಬಂತು, ದನ ಬಂತು, ಪೋಲಿಷ್ ಬಂತಾ?

"ಪೊಲೀಸ್ ಓದ್ತಾ ಇದ್ಯಂತೆ, ಪಿಎಸ್ಐ ಪರೀಕ್ಷೆ ಯಾವಾಗ?" ಅಂತ ಕೇಳಿದ್ದು ಪಕ್ಕದ ಮನೆ ಭಾವ. ಪೊಲೀಸ್ ಅಲ್ಲ ಭಾವ, ಪೋಲಿಷ್. ಪೋಲೆಂಡ್ ದೇಶದ ಭಾಷೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನ ಓದಿ ಎಂತ ಮಾಡೂದು?" ಅಂದರು. ಈ ಪ್ರಶ್ನೆಗೆ ಮೂರು ವರ್ಷದಿಂದ ಉತ್ತರ ಹುಡುಕುತ್ತಿದ್ದೇನೆ, ಇನ್ನೂ ಸಿಕ್ಕಿಲ್ಲ. ಅದು ಬಿಡಿ.

ಸದ್ಯ ನಾನು ಸಾಗರದ ಹತ್ತಿರ ನಮ್ಮ ಮನೆಯಲ್ಲಿದ್ದೇನೆ. ಹೊರಗೆ ಜುಲೈ ಮಳೆ, ಕರೆಂಟ್ ಹೋಗಿ ಎರಡು ದಿನ ಆಯಿತು. ಮಳೆ ಸ್ವಲ್ಪ ಹೊಳವು ಕೊಟ್ಟರೆ ಸಾಕು ಅಪ್ಪ ಅಡಿಕೆಗೆ ಔಷಧಿ ಹೊಡೆಸಲು ಕಾಯುತ್ತಿದ್ದಾರೆ, ಇಲ್ಲದಿದ್ದರೆ ಕೊಳೆ ಬರುತ್ತದೆ. ನಾನು ಜಗಲಿಯಲ್ಲಿ ಕೂತು ಹಳೇ ಪೋಲಿಷ್ ವ್ಯಾಕರಣ ಓದುತ್ತಿದ್ದೇನೆ. ಯಾಕೆಂದರೆ ಫೇಲಾಗಿದ್ದೇನೆ. ನಾನು ಓದುವ ಪೋಲೆಂಡಿನಲ್ಲಿ ಅಂಕ 2ರಿಂದ 5ರವರೆಗೆ. 3 ಬಂದರೆ ಪಾಸು, 2 ಅಂದರೆ ಡುಮ್ಕಿ. ಹುಡುಗರು ಅದಕ್ಕೆ 'ದ್ವುಯಾ' ಅನ್ನುತ್ತಾರೆ. ನನಗೆ ಬಂದಿದ್ದು ದ್ವುಯಾ. ಸೆಪ್ಟೆಂಬರಿನಲ್ಲಿ ಇನ್ನೊಂದು ಅವಕಾಶ ಇದೆ.

ಮೊದಲ ವರ್ಷ ಬರೀ ಭಾಷೆ ಕಲಿಯುವುದಕ್ಕೇ ಹೋಯಿತು. ವುಚ್ ಅನ್ನುವ ಊರಿನಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆ ಪೋಲಿಷ್ ಕಲಿಸುವ ಶಾಲೆಯೊಂದು 1952ರಿಂದ ಇದೆ. ನಮ್ಮ ಪೇಪರ್‌ಗಳಲ್ಲಿ ಈ ಊರನ್ನು ಲೊಡ್ಜ್ ಅಂತ ಬರೆಯುತ್ತಾರೆ, ಬರೆದದ್ದನ್ನು ಹಾಗೇ ಓದಿದರೆ ಬಸ್ಸಿನವನಿಗೆ ಅರ್ಥ ಆಗುವುದಿಲ್ಲ. ಆ ಪದದ ಅರ್ಥ ದೋಣಿ. ಊರ ಚಿಹ್ನೆಯಲ್ಲೂ ದೋಣಿಯೇ ಇದೆ.

ಎಲ್ಲರೂ ಹೆದರಿಸಿದ್ದು ವಿಭಕ್ತಿಗೆ. ಪೋಲಿಷ್‌ನಲ್ಲಿ ಏಳು ಇವೆ, ಜೋಪಾನ ಅಂತ. ನನಗೆ ನಗು ಬಂತು. ಮನೆಯನ್ನು, ಮನೆಯಿಂದ, ಮನೆಗೆ, ಮನೆಯ, ಮನೆಯಲ್ಲಿ ಅಂತ ಬಾಯಿಪಾಠ ಮಾಡಿಕೊಂಡೇ ಬೆಳೆದವರು ನಾವು, ಸಂಬೋಧನೆಯೂ ನಮಗೆ ಗೊತ್ತು, ಅಲ್ವಾ? ಮೇಷ್ಟ್ರನ್ನು ಕರೆಯುವಾಗ ಹೆಸರಿನ ಕೊನೆ ಬದಲಾಗುತ್ತದೆ ಅಂದಾಗ ಪಕ್ಕದಲ್ಲಿದ್ದವರೆಲ್ಲ ತಲೆ ಮೇಲೆ ಕೈ ಹೊತ್ತರು, ನನಗೆ ನೆನಪಾದದ್ದು ಅಜ್ಜಿಯನ್ನು ಅಜ್ಜೀ ಅಂತ ಕೂಗುವುದು. ಆದರೆ ನನ್ನ ಜಂಬ ಜಾಸ್ತಿ ದಿನ ಉಳಿಯಲಿಲ್ಲ. ನಮ್ಮಲ್ಲಿ 'ಗೆ' ಅಂದರೆ ಎಲ್ಲಿ ಅಂಟಿಸಿದರೂ ಹೆಚ್ಚುಕಡಿಮೆ 'ಗೆ'ಯೇ. ಅಲ್ಲಿ ಪದ ಗಂಡೋ ಹೆಣ್ಣೋ, ಒಂದೋ ಹತ್ತೋ ಅನ್ನುವುದರ ಮೇಲೆ ಪ್ರತ್ಯಯವೇ ಬೇರೆ. 'ಟೈಮ್ ಇದೆ' ಅನ್ನುವಾಗ ಒಂದು ವಿಭಕ್ತಿ, 'ಟೈಮ್ ಇಲ್ಲ' ಅಂದ ತಕ್ಷಣ ಅದೇ ಟೈಮ್ ಷಷ್ಠಿಗೆ ಹೋಗುತ್ತದೆ.

ಅಂಕಿ ಇನ್ನೂ ಕಷ್ಟ. ಎರಡು, ಮೂರು, ನಾಲ್ಕು ಬೆಕ್ಕುಗಳಾದರೆ 'ಮಲಗಿದವು'. ಐದು ಬೆಕ್ಕಾದರೆ ಬೆಕ್ಕು ಷಷ್ಠಿ ಬಹುವಚನಕ್ಕೆ ಹೋಗಿ, ಕ್ರಿಯಾಪದ ಮಾತ್ರ ನಪುಂಸಕ ಏಕವಚನಕ್ಕೆ ಇಳಿಯುತ್ತದೆ. ಅಂದರೆ 'ಬೆಕ್ಕುಗಳ ಐದು ಮಲಗಿತು' ಅಂದ ಹಾಗೆ. ಇಪ್ಪತ್ತೆರಡಕ್ಕೆ ಬಂದರೆ ಮತ್ತೆ 'ಮಲಗಿದವು'! ಆರು ತಿಂಗಳು ನಾನು ಅಂಗಡಿಯಲ್ಲಿ ಯಾವುದನ್ನೂ ನಾಲ್ಕಕ್ಕಿಂತ ಜಾಸ್ತಿ ಕೊಂಡಿಲ್ಲ.

ಇನ್ನು ಶ, ಷ. ಮನೆಯಲ್ಲಿ ಕಷಾಯಕ್ಕೆ ನಾವು ಅನ್ನುವುದು ಕಶಾಯ. ಹೊಟ್ಟೆಯಲ್ಲಿ ಗೆರೆ ಇರುವ ಷ ಏನಿದ್ದರೂ ಬರೆಯುವುದಕ್ಕೆ ಅಂತಲೇ ನಾನು ತಿಳಿದಿದ್ದೆ. ಪೋಲಿಷ್‌ನಲ್ಲಿ ಎರಡೂ ಜೀವಂತ ಇವೆ. 'ಪ್ರೊಷೆ' ಅಂದರೆ ದಯವಿಟ್ಟು. 'ಪ್ರೊಶೆ' ಅಂದರೆ ಹಂದಿಮರಿ. ಬೇಕರಿಯಲ್ಲಿ ಎಷ್ಟು ದಿನ ಹಂದಿಮರಿ, ಹಂದಿಮರಿ ಅಂತ ಬ್ರೆಡ್ ಕೇಳಿದೆನೋ ದೇವರಿಗೇ ಗೊತ್ತು. ಅಂಗಡಿಯಾಕೆ ಪಾಪ, ನಗಲಿಲ್ಲ. ಹೀಗೆ ಒಂದು ಪದವನ್ನು ಇನ್ನೊಂದರಿಂದ ಬೇರೆ ಮಾಡುವ ದನಿಗೆ ಧ್ವನಿಮಾ ಅನ್ನುತ್ತಾರಲ್ಲ, ಆ ಕಲ್ಪನೆಗೆ ರೂಪ ಕೊಟ್ಟವರಲ್ಲಿ ಇಬ್ಬರು ಪೋಲಿಷರೇ. ಯಾನ್ ಬೊದುಯೆನ್ ದ ಕುರ್ತೆನೆ ಮತ್ತು ಅವರ ಶಿಷ್ಯ ಮಿಕೊವೈ ಕ್ರುಷೆಫ್ಸ್ಕಿ, ರಷ್ಯಾದ ಕಜಾನ್‌ನಲ್ಲಿದ್ದಾಗ. ಆಗ ಪೋಲೆಂಡ್ ಅನ್ನುವ ದೇಶವೇ ನಕ್ಷೆಯಲ್ಲಿರಲಿಲ್ಲ. 1795ರಿಂದ 1918ರವರೆಗೆ ರಷ್ಯಾ, ಪ್ರಶ್ಯಾ, ಆಸ್ಟ್ರಿಯಾ ಹಂಚಿಕೊಂಡಿದ್ದವು. ದೇಶ ಇಲ್ಲದೆ ಭಾಷೆ 123 ವರ್ಷ ಉಳಿದಿದೆ. ಭಾವನಿಗೆ ಇದನ್ನೇ ಹೇಳಬಹುದಿತ್ತು, ಆಗ ಹೊಳೆಯಲಿಲ್ಲ.

ಫೇಲಾದ ಕತೆಗೆ ಬರುತ್ತೇನೆ. ಪರೀಕ್ಷೆ ಬಾಯಿಮಾತಿನದು. ಪೋಲಿಷ್‌ನಲ್ಲಿ ನಾಯಿಗೆ 'ಪ್ಯೆಸ್', ನಾಯಿಯ ಅನ್ನುವುದಕ್ಕೆ 'ಪ್ಸಾ'. ನಡುವಿನ ಎ ಎಲ್ಲಿ ಹೋಯಿತು ಅಂತ ಪ್ರಶ್ನೆ. ಹಳೇ ಸ್ಲಾವಿಕ್ ಭಾಷೆಯಲ್ಲಿ 'ಯೆರ್' ಅನ್ನುವ ಎರಡು ಪುಟಾಣಿ ಸ್ವರಗಳಿದ್ದವು. ಪದದ ಕೊನೆಯಿಂದ ಎಣಿಸುತ್ತಾ ಬರಬೇಕು. ಮೊದಲನೆಯದು ಬಿದ್ದುಹೋಗುತ್ತದೆ, ಎರಡನೆಯದು ಎ ಆಗಿ ನಿಲ್ಲುತ್ತದೆ, ಮೂರನೆಯದು ಮತ್ತೆ ಬೀಳುತ್ತದೆ. ನಡುವೆ ಮಾಮೂಲಿ ಸ್ವರ ಬಂದರೆ ಲೆಕ್ಕ ಮತ್ತೆ ಒಂದರಿಂದ. 'ಪ್ಯೆಸ್'ನಲ್ಲಿ ಕೊನೆಯ ಯೆರ್ ಬಿತ್ತು, ನಡುವಿನದು ಉಳಿಯಿತು. 'ಪ್ಸಾ'ದಲ್ಲಿ ಕೊನೆಗೆ ಆ ಇದೆ, ಹಾಗಾಗಿ ನಡುವಿನದೇ ಮೊದಲನೆಯದಾಗಿ ಬಿತ್ತು. ನಿದ್ದೆ ಅನ್ನುವ 'ಸೆನ್', 'ಸ್ನು'ವಿನ ಕತೆಯೂ ಅದೇ. ಅದು ಸಂಸ್ಕೃತದ ಸ್ವಪ್ನದ ದಾಯಾದಿ ಬೇರೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಗಾಬರಿಯಲ್ಲಿ ಮುಂದಿನಿಂದ ಎಣಿಸಿದೆ. ಮೇಷ್ಟ್ರು ಕನ್ನಡಕ ತೆಗೆದು, ಹಾಗಾದರೆ ನಾಯಿ 'ಪ್ಸೆ' ಆಗುತ್ತದಲ್ಲ ಅಂದರು. ದ್ವುಯಾ.

ಈಗ ಮನೆಯಲ್ಲಿ ಕೂತು ಕೇಳಿದರೆ ಸ್ವರ ಬೀಳುವುದೇ ಕಿವಿಗೆ ಬೀಳುತ್ತಿದೆ. ಕೆಲಸ ಕೆಲ್ಸ, ಹಲಸು ಹಲ್ಸು, ಎಲುಬು ಎಲ್ಬು. ಇದಕ್ಕೂ ಏನಾದರೂ ಎಣಿಕೆ ಇರಬಹುದಾ ಅಂತ ಪುಸ್ತಕದ ಅಂಚಿನಲ್ಲಿ ಬರೆದುಕೊಳ್ಳುತ್ತಾ, ಓದಬೇಕಾದ್ದನ್ನು ಬಿಟ್ಟು ಒಂದು ಮಧ್ಯಾಹ್ನ ಕಳೆದೆ.

ಆದರೆ ನಿಜವಾಗಿ ನಾನು ಬೆಚ್ಚಿಬಿದ್ದದ್ದು ನಿನ್ನೆ ಸಂಜೆ. ಅಜ್ಜಿ ಒಲೆ ಮುಂದೆ ಕೂತು ಯಾರಿಗೋ ಹೇಳುತ್ತಿದ್ದರು, ಮಾಣಿ ಬಂದ, ಕೂಸು ಬಂತು ಅಂತ. ನಮ್ಮ ಹವ್ಯಕ ಮಾತಲ್ಲಿ ಮಾಣಿ ಅಂದರೆ ಹುಡುಗ, ಕೂಸು ಅಂದರೆ ಹುಡುಗಿ. ಹೆಂಗಸರಿಗೆ 'ಬಂದಳು' ಇಲ್ಲ. ಅಕ್ಕ ಬಂತು, ಅತ್ತಿಗೆ ಬಂತು, ದನ ಬಂತು. ಕಾಲೇಜಿನಲ್ಲಿ ಗೆಳತಿಯರು ಇದಕ್ಕೆ ನನ್ನನ್ನು ಎಷ್ಟು ಗೋಳು ಹೊಯ್ದುಕೊಂಡಿದ್ದಾರೆ. ಪೋಲಿಷ್‌ನಲ್ಲಿ ಏಕವಚನದಲ್ಲಿ ಹೆಣ್ಣಿಗೆ ಬೇರೆ ರೂಪ ಇದೆ, ಪರವಾಗಿಲ್ಲ. ಬಹುವಚನಕ್ಕೆ ಹೋದರೆ ಮುಗಿಯಿತು. ಗಂಡಸರು ಬಂದರೆ 'ಪ್ಷಿಷ್ಲಿ'. ಹೆಂಗಸರು ಬಂದರೂ, ದನಗಳು ಬಂದರೂ, ಕಾಗದಗಳು ಬಂದರೂ 'ಪ್ಷಿಷ್ವಿ'. ನೂರು ಹೆಂಗಸರ ನಡುವೆ ಒಬ್ಬ ಗಂಡಸು ಸೇರಿದರೆ ಎಲ್ಲರೂ 'ಪ್ಷಿಷ್ಲಿ'. ಎರಡು ವರ್ಷ ಇದನ್ನು ಬಾಯಿಪಾಠ ಮಾಡಿ ತಪ್ಪು ಮಾಡಿದ್ದೇನೆ, ಮನೆಯಲ್ಲೇ ಇದರ ತಂಗಿ ಇದ್ದದ್ದು ತಲೆಗೆ ಹೋಗಿರಲಿಲ್ಲ. ಎರಡೂ ಭಾಷೆಗೆ ಸಂಬಂಧವಿಲ್ಲ, ಅದು ಗೊತ್ತು. ಆದರೂ.

ಅಜ್ಜಿಗೆ ವಿವರಿಸಿದೆ. ಅವರು ಒಲೆಗೆ ಸೌದೆ ದೂಡುತ್ತಾ, "ಹಾಂಗಾರೆ ನಮ್ಮಂಗೇ ಆತಲ" ಅಂದರು. ಆಮೇಲೆ ಅಲ್ಲಿ ಅಡಿಕೆ ಬೆಳೆಯುತ್ತದಾ ಅಂತ ಕೇಳಿದರು. ಇಲ್ಲ ಅಂದೆ. ಹಾಗಾದರೆ ಅಲ್ಲಿಯವರು ಊಟ ಆದ ಮೇಲೆ ಎಂತ ಮಾಡುತ್ತಾರೆ ಅನ್ನುವುದು ಅವರ ಮುಂದಿನ ಪ್ರಶ್ನೆ.