ಅಂಥ ಸಿನಿಮಾ ನಿನಗೆ ಹೇಗೋ ಇಷ್ಟ ಆಗುತ್ತೆ?

ಈ ಪ್ರಶ್ನೆ ನನಗೆ ಹೊಸದಲ್ಲ. ಎಲ್ಲರೂ ಸೇರಿ ಉಗಿದು ಉಪ್ಪಿನಕಾಯಿ ಹಾಕಿದ ಸಿನಿಮಾವೊಂದರ ಹೆಸರು ಮಾತಿನ ಮಧ್ಯೆ ಬರುತ್ತದೆ. ನಾನು ಸುಮ್ಮನಿರಬೇಕು, ಇರುವುದಿಲ್ಲ. "ನನಗೆ ಇಷ್ಟ ಆಯ್ತಪ್ಪ" ಅಂದುಬಿಡುತ್ತೇನೆ. ಆಮೇಲೆ ಯಾರಾದರೊಬ್ಬರು ಕೇಳೇ ಕೇಳುತ್ತಾರೆ: "ತಮಾಷೆ ಮಾಡ್ತಿದೀಯಾ? ಅದು ಹೇಗೋ ಇಷ್ಟ ಆಯ್ತು ನಿನಗೆ?"

ತಮಾಷೆ ಅಲ್ಲ. ಹಠವೂ ಅಲ್ಲ. ಊರಿಗೊಂದು ದಾರಿಯಾದರೆ ನನಗೊಂದು ದಾರಿ ಅನ್ನುವ ಚಟ ನನಗಿಲ್ಲ. ಎಲ್ಲರೂ ಮೆಚ್ಚಿದ ಎಷ್ಟೋ ಸಿನಿಮಾಗಳನ್ನು ನಾನೂ ಬಾಯ್ತುಂಬ ಹೊಗಳಿದ್ದೇನೆ.

ಮೊದಲು ನಾವು ಆಡುವ ಮಾತನ್ನೇ ನೋಡಿ. "ಸಿನಿಮಾ ಚೆನ್ನಾಗಿದೆ" ಅನ್ನುವಾಗ ಅದರಲ್ಲಿ ನಾನು ಎಲ್ಲೂ ಇಲ್ಲ. ಅದು ಸಿನಿಮಾದ ಮೇಲೆ ಕೊಟ್ಟ ತೀರ್ಪು. ಕಥೆ ಎಲ್ಲಿದೆ, ಎಡಿಟಿಂಗ್ ಯಾಕೆ ಹೀಗಿದೆ ಅಂತ ಯಾರು ಬೇಕಾದರೂ ಲೆಕ್ಕ ಕೇಳಬಹುದು. "ನನಗೆ ಇಷ್ಟ ಆಯ್ತು" ಅನ್ನುವುದರ ಜಾತಿಯೇ ಬೇರೆ. ನನಗೆ ಹಸಿವಾಯ್ತು, ನನಗೆ ಸಿಟ್ಟು ಬಂತು, ನನಗೆ ನಿದ್ದೆ ಬಂತು ಅಂತೀವಲ್ಲ, ಆ ಸಾಲಿಗೆ ಸೇರಿದ್ದು. ಅಲ್ಲಿ ನಾನು ಏನೂ ಮಾಡಿಲ್ಲ, ಅದಾಗಿಯೇ ಬಂದು ನನಗೆ ಆಗಿದೆ. ನಿದ್ದೆ ಬಂದವನನ್ನು ಎಬ್ಬಿಸಿ, ನಿನಗೆ ನಿದ್ದೆ ಬಂದಿದ್ದು ತಪ್ಪು ಅಂತ ವಾದ ಮಾಡೋಕಾಗುತ್ತಾ?

"ಹಾಗಾದ್ರೆ ಅದು ಒಳ್ಳೆ ಸಿನಿಮಾ ಅಂತೀಯಾ?" ಇದು ಮುಂದಿನ ಪ್ರಶ್ನೆ. ಇಲ್ಲ. ಬಹಳ ಸಲ ಅದು ಒಳ್ಳೆಯ ಸಿನಿಮಾ ಆಗಿರುವುದಿಲ್ಲ. ಅಲ್ಲಿ ನನ್ನದೇನೂ ತಕರಾರಿಲ್ಲ.

ಒಂದು ಸಿನಿಮಾ ಇದೆ. ಹೆಸರು ಹೇಳಲ್ಲ, ಹೇಳಿದರೆ ನೀವು ಇದನ್ನು ಓದುವುದು ಬಿಟ್ಟು ಅದರ ರೇಟಿಂಗ್ ಹುಡುಕಲು ಹೋಗುತ್ತೀರಿ. ಅದರ ಮೇಲಿರುವ ದೂರುಗಳೆಲ್ಲ ನಿಜ. ಮಳೆ ದೃಶ್ಯದಲ್ಲಿ ನಾಯಕನ ಮೇಲೆ ಮಾತ್ರ ಮಳೆ ಬೀಳುತ್ತದೆ, ಹಿಂದಿನ ಗೋಡೆ ಬಿಸಿಲಿಗೆ ಹೊಳೆಯುತ್ತಿರುತ್ತದೆ. ಸತ್ತ ಅಂತ ನಾವೆಲ್ಲ ನಂಬಿದವನು ಇಂಟರ್ವಲ್ ಆದಮೇಲೆ ಯಾವ ಕಾರಣವೂ ಇಲ್ಲದೆ ವಾಪಸ್ ಬರುತ್ತಾನೆ. ಡಬ್ಬಿಂಗ್ ಹೇಗಿದೆ ಅಂದರೆ ತುಟಿ ನಿಂತ ಮೇಲೂ ಮಾತು ನಡೆಯುತ್ತಲೇ ಇರುತ್ತದೆ.

ಇದರ ಮಧ್ಯೆ ಎರಡು ನಿಮಿಷದ ಒಂದು ದೃಶ್ಯ. ಮನೆ ಬಿಟ್ಟುಹೋದ ಮಗನ ಅಂಗಿಗಳನ್ನು ಅಪ್ಪ ಮಡಚುತ್ತಿದ್ದಾನೆ. ಮಾತಿಲ್ಲ, ಹಿನ್ನೆಲೆ ಸಂಗೀತವೂ ಇಲ್ಲ (ದುಡ್ಡು ಮುಗಿದಿತ್ತೇನೋ). ಒಂದು ಅಂಗಿಯ ಗುಂಡಿ ಕಿತ್ತುಬಂದಿದೆ. ಅಪ್ಪ ಸೂಜಿ ದಾರ ಹುಡುಕಿ ತರುತ್ತಾನೆ. ಕಣ್ಣು ಸರಿಯಾಗಿ ಕಾಣುವುದಿಲ್ಲ. ದಾರದ ತುದಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿ ಪೋಣಿಸಲು ನೋಡುತ್ತಾನೆ, ತಪ್ಪುತ್ತದೆ. ಮತ್ತೆ ಒದ್ದೆ ಮಾಡುತ್ತಾನೆ, ಮತ್ತೆ ತಪ್ಪುತ್ತದೆ. ಮೂರನೇ ಸಲ ತಪ್ಪಿದ ಮೇಲೆ ಸೂಜಿಯನ್ನು ಅಂಗಿಗೇ ಚುಚ್ಚಿ, ಹಾಗೇ ಮಡಚಿ, ಉಳಿದ ಬಟ್ಟೆಗಳ ಅಡಿಯಲ್ಲಿಟ್ಟು ಎದ್ದು ಹೋಗುತ್ತಾನೆ. ಆ ನಟನ ಹೆಸರು ಟೈಟಲ್ ಕಾರ್ಡಿನಲ್ಲಿ ಇನ್ನೂ ಹತ್ತು ಹೆಸರುಗಳ ಜೊತೆ ಬಂದು ಹೋಗುತ್ತದೆ.

ಆ ಸಿನಿಮಾವನ್ನು ನಾನು ನಾಲ್ಕು ಸಲ ನೋಡಿದ್ದೇನೆ. ಆ ದೃಶ್ಯಕ್ಕೇ ನೇರವಾಗಿ ಓಡಿಸಿಕೊಂಡು ನೋಡಬಹುದಲ್ವಾ ಅಂತೀರಿ. ಅದನ್ನೂ ಮಾಡಿ ನೋಡಿದೆ, ಏನೂ ಅನ್ನಿಸಲಿಲ್ಲ. ಆ ಅರೆಬರೆ ಮಳೆ, ಆ ಗದ್ದಲ ಎಲ್ಲ ದಾಟಿ ಬಂದರೇನೇ ಆ ಮೌನ ಕೇಳಿಸುವುದು.

ವಿಮರ್ಶಕರ ಮೇಲೆ ನನಗೆ ಸಿಟ್ಟಿಲ್ಲ. ಅವರದು ಇಡೀ ಸಿನಿಮಾವನ್ನು ತಕ್ಕಡಿಗೆ ಹಾಕುವ ಕೆಲಸ. ಎರಡು ನಿಮಿಷ ಚೆನ್ನಾಗಿದೆ ಅಂತ ಎರಡೂವರೆ ಗಂಟೆಯನ್ನು ಅವರು ಯಾಕೆ ಕ್ಷಮಿಸಬೇಕು? ಜೊತೆಗೆ ಅವರು ವಾರವಾರವೂ ಸಿನಿಮಾ ನೋಡುತ್ತಾರೆ. ನನಗೆ ಮೊದಲನೇ ಸಲ ಅನ್ನಿಸುವ ತಿರುವು ಅವರಿಗೆ ನೂರನೇದು. ನಾನು ದಣಿದು ಬಂದು ಕಾಲು ಚಾಚಿ ಕೂತವನು, ಅವರು ಪೆನ್ನು ಹಿಡಿದು ಕೂತವರು.

ಸಿಟ್ಟು ಬರುವುದು ಆ ಶೇಕಡಾ ಸಂಖ್ಯೆ ಹಿಡಿದುಕೊಂಡು ವಾದಕ್ಕೆ ಬರುವವರ ಮೇಲೆ. ಸಿನಿಮಾ ವಿಮರ್ಶೆಗಳನ್ನು ಒಟ್ಟುಮಾಡಿ ತೋರಿಸುವ ವೆಬ್‌ಸೈಟ್ ರಾಟನ್ ಟೊಮ್ಯಾಟೋಸ್‌ನಲ್ಲಿ ವಿಮರ್ಶಕರ ಹೆಸರಿನಲ್ಲಿ ಕಾಣುವ ಶೇಕಡಾ ಇದೆಯಲ್ಲ, ಅದು ಪರೀಕ್ಷೆಯ ಅಂಕ ಅಲ್ಲ, ತಲೆ ಎಣಿಕೆ. ನೂರರಲ್ಲಿ ಎಷ್ಟು ಜನ ವಿಮರ್ಶಕರು "ಪರವಾಗಿಲ್ಲ, ನೋಡಬಹುದು" ಅಥವಾ ಅದಕ್ಕಿಂತ ಮೇಲೆ ಹೇಳಿದರು ಅನ್ನೋ ಲೆಕ್ಕ ಅಷ್ಟೇ. 60 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ತಾಜಾ, ಇಲ್ಲದಿದ್ದರೆ ಕೊಳೆತದ್ದು. ಹತ್ತು ಜನರೂ "ಪರವಾಗಿಲ್ಲ" ಅಂತ ಹೇಳಿ ಮರೆತುಬಿಟ್ಟ ಸಿನಿಮಾಗೆ 100 ಬರುತ್ತದೆ. ಐದು ಜನ ತಲೆ ಮೇಲೆ ಹೊತ್ತು ಕುಣಿದು, ಇನ್ನೈದು ಜನ ಎದ್ದುಹೋದ ಸಿನಿಮಾಗೆ 50, ಅಂದರೆ ಕೊಳೆತದ್ದು. ನನಗೆ ಈ ಎರಡನೇ ಸಿನಿಮಾ ಬೇಕು. ಹಾಗಾಗಿ ಆ ಸಂಖ್ಯೆ ನೋಡಿ ನನಗೆ ಏನೂ ಗೊತ್ತಾಗುವುದಿಲ್ಲ. ಸರಿಯಾಗಿ ಬೈದು ಬರೆದ ವಿಮರ್ಶೆ ಓದಿದರೆ ಗೊತ್ತಾಗುತ್ತದೆ. "ಅಳು ಜಾಸ್ತಿ, ಕಥೆ ಎಲ್ಲೆಲ್ಲೋ ಹೋಗುತ್ತದೆ, ನಿರ್ದೇಶಕರಿಗೆ ಒಂದೇ ಸಿನಿಮಾದಲ್ಲಿ ಎಲ್ಲವನ್ನೂ ಹೇಳುವ ಆಸೆ" ಅಂತ ಬರೆದಿದ್ದರೆ, ಆ ರಾತ್ರಿಗೆ ನನ್ನ ಸಿನಿಮಾ ಸಿಕ್ಕಿತು ಅಂತಲೇ ಲೆಕ್ಕ.

ಇಲ್ಲಿ ಕೆಲವರು ನನ್ನ ಪರವಾಗಿ ವಾದಕ್ಕೆ ಬರುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ. ಗುರುದತ್ ಅವರ 'ಕಾಗಜ್ ಕೆ ಫೂಲ್' 1959ರಲ್ಲಿ ಮಕಾಡೆ ಮಲಗಿತು, ಆಮೇಲೆ ಅವರು ನಿರ್ದೇಶಕ ಅಂತ ತಮ್ಮ ಹೆಸರನ್ನೇ ಹಾಕಿಕೊಳ್ಳಲಿಲ್ಲ, ಈಗ ನೋಡು ಅದನ್ನು ಹೇಗೆ ಹೊಗಳುತ್ತಾರೆ ಅಂತಾರೆ. 1982ರ 'ದಿ ಥಿಂಗ್' ಬಂದಾಗ ಬೈಸಿಕೊಂಡಿದ್ದೇ ಬೈಸಿಕೊಂಡಿದ್ದು, ಈಗ ಹಾರರ್ ಸಿನಿಮಾಗಳ ಯಾವ ಪಟ್ಟಿಯೂ ಅದಿಲ್ಲದೆ ಮುಗಿಯುವುದಿಲ್ಲ. ಕೆಟ್ಟ ಸಿನಿಮಾಗಳಿಗೆ ಕೊಡುವ ರ‍್ಯಾಜಿ ಪ್ರಶಸ್ತಿ ಶುರುವಾದ ಮೊದಲ ವರ್ಷವೇ, 'ದಿ ಶೈನಿಂಗ್' ಮಾಡಿದ್ದಕ್ಕೆ ಸ್ಟ್ಯಾನ್ಲಿ ಕುಬ್ರಿಕ್ ಅವರ ಹೆಸರು ಕೆಟ್ಟ ನಿರ್ದೇಶಕರ ಸಾಲಿನಲ್ಲಿತ್ತು. ಅದರ ನಾಯಕಿ ಶೆಲ್ಲಿ ಡುವಾಲ್ ಅವರ ಹೆಸರು ಕೆಟ್ಟ ನಟಿಯರ ಸಾಲಿನಲ್ಲಿತ್ತು. ನಲವತ್ತು ವರ್ಷ ಕಳೆದು, 2022ರಲ್ಲಿ, ಡುವಾಲ್ ಅವರ ಹೆಸರನ್ನು ವಾಪಸ್ ತಗೊಂಡರು.

ಎಲ್ಲ ನಿಜ. ಆದರೆ ಈ ವಾದ ನನಗೆ ಬೇಡ. ಅದು ಸುತ್ತಿಬಳಸಿ ಹೇಳುವುದು ಏನು? "ತಾಳು, ಮುಂದೊಂದು ದಿನ ಎಲ್ಲರೂ ಒಪ್ಪುತ್ತಾರೆ" ಅಂತ ತಾನೇ. ಅಂದರೆ ಮತ್ತೆ ಜನ ಒಪ್ಪಿದರೇನೇ ನನಗೆ ಬೆಲೆ. ನನ್ನ ಆ ಬಿಸಿಲು ಮಳೆಯ ಸಿನಿಮಾವನ್ನು ಯಾರೂ ಯಾವತ್ತೂ ಒಪ್ಪುವುದಿಲ್ಲ. ಅದು ಇವತ್ತೂ ಕೆಟ್ಟ ಸಿನಿಮಾ, ಇನ್ನು ಐವತ್ತು ವರ್ಷ ಬಿಟ್ಟರೂ ಕೆಟ್ಟ ಸಿನಿಮಾವೇ. ಆ ಅಪ್ಪನ ದೃಶ್ಯಕ್ಕೆ ಅದರಿಂದ ಏನೂ ಆಗಬೇಕಾಗಿಲ್ಲ.

ಇನ್ನೊಂದು ಗುಂಪು ಇದೆ, ನಗೋಕೆ ಅಂತಲೇ ನೋಡುವವರದು. 2003ರ 'ದಿ ರೂಮ್' ಸಿನಿಮಾಗೆ ಜನ ಪ್ಲಾಸ್ಟಿಕ್ ಚಮಚ ತಗೊಂಡು ಹೋಗಿ ತೆರೆಗೆ ಎಸೆದು ಖುಷಿಪಡುತ್ತಾರೆ, ಯಾಕಂದರೆ ಅದರಲ್ಲಿ ಮೇಜಿನ ಮೇಲಿನ ಫೋಟೋ ಫ್ರೇಮಿನಲ್ಲಿ ಚಮಚದ ಚಿತ್ರ ಇದೆ. ನಾನೂ ಗೆಳೆಯರ ಜೊತೆ ಕೂತು ಹಾಗೆ ನಕ್ಕಿದ್ದೇನೆ, ಮಜಾ ಇರುತ್ತದೆ. ಆದರೆ ಅರ್ಧ ಗಂಟೆ ಆದಮೇಲೆ ನನ್ನ ನಗು ತಾನಾಗೇ ಇಳಿಯುತ್ತದೆ. ಯಾರೋ ಒಬ್ಬ ಇದಕ್ಕಾಗಿ ನಿದ್ದೆಗೆಟ್ಟಿದ್ದಾನಲ್ಲ ಅನ್ನಿಸಿಬಿಡುತ್ತದೆ.

ಹಾಗಂತ ಎಲ್ಲ ಕೆಟ್ಟ ಸಿನಿಮಾಗಳೂ ನನಗೆ ಇಷ್ಟ ಅಂದುಕೊಳ್ಳಬೇಡಿ. ಒದ್ದಾಡಿ ಸೋತ ಸಿನಿಮಾ ಬೇರೆ, ಸೋಮಾರಿ ಸಿನಿಮಾ ಬೇರೆ. ಎರಡನೇದು ನನಗೆ ಆಗಿಬರುವುದಿಲ್ಲ. ಹಿಂದಿನ ಹಿಟ್ ಸಿನಿಮಾದ ಜೋಕನ್ನೇ ಮತ್ತೆ ಬಿಸಿ ಮಾಡಿ ಬಡಿಸುವುದು, ಸ್ಟಾರ್ ಬಂದು ನಡೆದು ಹೋದರೆ ಸಾಕು ಅಂತ ಬಿಟ್ಟುಬಿಡುವುದು. ಅವುಗಳಲ್ಲಿ ಕ್ಯಾಮೆರಾ ಚೆನ್ನಾಗಿರುತ್ತದೆ, ಮಳೆ ಎಲ್ಲ ಕಡೆ ಸಮನಾಗಿ ಬೀಳುತ್ತದೆ. ನೋಡಿ ಹೊರಗೆ ಬಂದ ಮೇಲೆ ಒಂದು ಮುಖವೂ ನೆನಪಿರುವುದಿಲ್ಲ. ವಿಚಿತ್ರ ಅಂದರೆ ಇವುಗಳಲ್ಲಿ ಎಷ್ಟೋ ಸಿನಿಮಾಗಳಿಗೆ ಯಾರೂ ಬೈಯುವುದೂ ಇಲ್ಲ.

ಒಂದು ವಿಷಯ ಒಪ್ಪಿಕೊಳ್ಳಲೇಬೇಕು. ಕೆಲವು ಸಲ ನನಗೆ ಇಷ್ಟ ಆಗುವುದಕ್ಕೆ ಕಾರಣ ಬರೀ ಇಷ್ಟೇ: ಎಲ್ಲರೂ ಬೈದಿದ್ದರಿಂದ ನಾನು ಏನೂ ನಿರೀಕ್ಷೆ ಇಟ್ಟುಕೊಳ್ಳದೆ ಕೂತಿರುತ್ತೇನೆ. ಆಗ ಒಂದು ಸಣ್ಣ ನಗು ಬಂದರೂ ಲಾಭ. ಅದೇ ಸಿನಿಮಾವನ್ನು ಎಲ್ಲರೂ ಹೊಗಳಿ ಕಳಿಸಿದ್ದರೆ ನಾನೇ ಮೊದಲು ಮೂಗು ಮುರಿಯುತ್ತಿದ್ದೆನೇನೋ.

ಮೊನ್ನೆ ಒಬ್ಬ ಗೆಳೆಯ ಇದೇ ಪ್ರಶ್ನೆ ಕೇಳಿದ. ವಿವರಿಸಿ ಸಾಕಾಗಿತ್ತು. "ಬಾ, ಕೂತ್ಕೋ" ಅಂತ ಸಿನಿಮಾ ಹಾಕಿದೆ. ಬಿಸಿಲು ಮಳೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಸತ್ತವನು ಎದ್ದು ಬಂದಾಗ ಕೈಮುಗಿದ. "ಅಪ್ಪನ ಸೀನ್ ಇನ್ನೇನು ಬಂತು, ತಾಳು" ಅಂದೆ. ಉತ್ತರ ಬರಲಿಲ್ಲ. ತಿರುಗಿ ನೋಡಿದರೆ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಾನೆ. ಅವನಿಗೆ ನಿದ್ದೆ ಬಂದಿತ್ತು. ಹೇಗೂ ಆ ದೃಶ್ಯದಲ್ಲಿ ಸದ್ದಿಲ್ಲ. ಅಪ್ಪ ದಾರದ ತುದಿಯನ್ನು ನಾಲಿಗೆಗೆ ತಾಗಿಸುತ್ತಿದ್ದ, ನಾನು ಸ್ವಲ್ಪ ಮುಂದಕ್ಕೆ ಬಾಗಿ ಕೂತೆ.